ಹಸಿರು ದೀಪದ ಸುಗ್ಗಿ

ಮೊನ್ನೆ ಚಿಕ್ಕೇರೂರಿಗೆ ಹೋಗಿದ್ದೆವು, ನನ್ನ ಹೆಂಡತಿ ನೀಲವ್ವನ ತಂಗಿಯ ಬಸುರಿ ಮಗಳ ಕುಬಸಕ್ಕೆ. ಬಸ್ಸಿಳಿದು ನಾಲ್ಕು ಹೆಜ್ಜೆ ಇಟ್ಟಿದ್ದೆವೋ ಇಲ್ಲವೋ, ಹೊಲದ ಕಡೆಯಿಂದ ಗಾಳಿ ತಿರುಗಿತು. ಗೋವಿನಜೋಳದ ಹೊಟ್ಟಿನ ವಾಸನೆ. ಬಲ್ಲವರಿಗೆ ಅದನ್ನು ಹೇಳಬೇಕಾಗಿಲ್ಲ, ಅರಿಯದವರಿಗೆ ಹೇಳಿದರೂ ಪೂರಾ ತಿಳಿಯುವುದಿಲ್ಲ. ಹಂಚಿನ ಮೇಲೆ ತುಸು ಸೀದ ರೊಟ್ಟಿ, ಬಿಸಿಲಿಗೆ ಕಾದ ಗೋಣಿಚೀಲ, ಅದರ ಬೆನ್ನಿಗೆ ಟ್ರ್ಯಾಕ್ಟರಿನ ಹೊಗೆ. ನನ್ನ ಕಾಲು ತಾನೇ ನಿಂತಿತು. ಎಡಗಣ್ಣಿನಲ್ಲಿ ನೀರು ಬಂತು.

"ಅಳಾಕತ್ತೀರೇನ್ರಿ?" ಅಂದಳು ನೀಲವ್ವ.

"ಅಳಾಕ ನನಗೇನ್ ಧಾಡಿ ಬಡದೈತಿ? ಹೊಟ್ಟಿನ ಧೂಳು."

"ಅಲ್ಲೆಲ್ಲೋ ಮಷೀನು ಹತ್ತೈತಿ, ಇಲ್ಲೀ ತನಕ ಧೂಳು ನಿಮ್ಮನ್ನ ಹುಡುಕ್ಕೋಂತ ಬಂತನ? ಬರ್ರಿ, ಕುಬಸಕ್ಕ ಹೊತ್ತಾತು."

ಆದರೆ ಅವಳೂ ನಿಂತಳು. ಸೆರಗಿನಿಂದ ಮೂಗು ಮುಚ್ಚಿಕೊಳ್ಳಲಿಲ್ಲ. ಅವಳಿಗೂ ಆ ವರ್ಷದ್ದೇ ನೆನಪಾಗಿತ್ತು ಅಂತ ನನಗೆ ಗೊತ್ತು.

ನಾನು ಹಾನಗಲ್ಲಿನ ಕಡೆಯವ. ಆರನೇ ಇಯತ್ತೆಗೆ ಸಾಲಿ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಪಾನಾ ಹಿಡಿದಾಗ ಸಿಕ್ಕ ಸುಖ ನನಗೆ ಪೆನ್ಸಿಲ್ ಹಿಡಿದಾಗ ಸಿಕ್ಕಿರಲಿಲ್ಲ. ಆಮೇಲೆ ಸವಣೂರಿನ ದಾವಲಸಾಬನ ಜೋಡಿ ಪಾಲಿನಲ್ಲಿ ಗೋವಿನಜೋಳ ಒಡೆಯುವ ಮಷೀನು ಮಾಡಿದೆ. ಅವನದು ವೆಲ್ಡಿಂಗಿನ ಕೈ, ನನ್ನದು ಮಷೀನಿನ ಬಾಯಿಯ ಕೈ. ಬುಟ್ಟಿ ಬಂದಂಗೆ ತೆನೆ ದೂಡುವುದು, ಎಲ್ಲಿ ಗಂಟಲು ಕಟ್ಟುತ್ತದೆ, ಎಲ್ಲಿ ಹಸಿವಾಗುತ್ತದೆ ಅಂತ ನೋಡಿಕೊಳ್ಳುವುದು ನನ್ನ ಕೆಲಸ. ದಸರೆ ದಾಟಿದ ಮೇಲೆ ಹಿರೇಕೆರೂರು ಕಡೆಯಿಂದ ಹಿಡಿದರೆ ಶಿಗ್ಗಾಂವಿ, ಸವಣೂರು ಸೀಮೆ ಮುಗಿಸಿ ಮನೆ ಸೇರುವಾಗ ಸಂಕ್ರಾಂತಿಯ ಎಳ್ಳು ಹುರಿಯುತ್ತಿದ್ದರು. ಮದುವೆಯಾದ ಮೇಲೆ ಒಂದು ಸುಗ್ಗಿಯನ್ನೂ ನಾನು ಮನೆಯಲ್ಲಿ ಕಂಡವನಲ್ಲ. ಅದು ನನಗೆ ದೊಡ್ಡಸ್ತಿಕೆಯೂ ಆಗಿತ್ತು. ಊರೂರಲ್ಲಿ "ಫಕೀರಣ್ಣನ ಮಷೀನು ಬಂತು" ಅನ್ನುತ್ತಿದ್ದರೇ ಹೊರತು ಮಷೀನು ಬಂತು ಅಂತಿರಲಿಲ್ಲ.

ಮಷೀನು ಬಂದರೂ ಕಣ ಕಣವೇ. ಈಗ ನೆಲ ಸಾರಿಸಿ ಮೇಟಿ ನೆಡುವುದಿಲ್ಲ, ತಾಡಪತ್ರಿ ಹಾಸಿ ರಾಶಿ ಮಾಡುತ್ತಾರೆ. ಹಂಗಿದ್ದರೂ ಚಪ್ಪಲಿ ಹೊರಗೇ. ರಾಶಿಯ ಮುಂದೆ ಯಾರೂ "ಸಾಕು" ಅನ್ನುವುದಿಲ್ಲ, "ಮುಗೀತು" ಅನ್ನುವುದಿಲ್ಲ. ಕಡೆಯ ಬುಟ್ಟಿ ಸುರಿದಾಗ "ಹುಲುಸಾತು" ಅನ್ನಬೇಕು. ನೀರು ಹಾಕುವವರು ಚೊಂಬು ಬಗ್ಗಿಸಿದಾಗ ಕೂಡ ಕೈ ಅಡ್ಡ ಹಿಡಿಯುತ್ತೇವೆ, ಬಾಯಿಂದ ಆ ಮಾತು ಆಡುವುದಿಲ್ಲ. ಇನ್ನೊಂದು ರೂಢಿ ನನ್ನದೇ. ಕಣಕ್ಕೆ ಹೊಕ್ಕ ಮಷೀನು ರಾಶಿ ಪೂರಾ ಆಗುವವರೆಗೆ ನಿಲ್ಲಬಾರದು.

ಮತ್ತೊಂದು ರೂಢಿಯಿತ್ತು. ಅದು ನಮ್ಮ ಗ್ಯಾಂಗಿನದು. ಪಾನಾದ ಪೆಟ್ಟಿಗೆಯಲ್ಲಿ ಗ್ರೀಸಿನ ಡಬ್ಬಿಗೂ ಹಳೇ ಬೆಲ್ಟಿಗೂ ನಡುವೆ ಕಣ್ಣಿಗೆ ಬಿಡುವ ಔಷಧದ ಒಂದು ಸಣ್ಣ ಬಾಟ್ಲಿ ಇರುತ್ತಿತ್ತು. ಅದಕ್ಕೆ ತಂಪಿನ ಬಾಟ್ಲಿ ಅನ್ನುತ್ತಿದ್ದೆವು. ಯಾರ ಕಣ್ಣಿಗೆ ಏನೇ ಬೀಳಲಿ, ಎರಡು ಹನಿ. ಉರಿ ಅಲ್ಲೇ ಇಳಿಯುತ್ತಿತ್ತು. ಖಾಲಿಯಾದರೆ ಅದೇ ಬಾಟ್ಲಿ ತೋರಿಸಿ ಔಷಧದ ಅಂಗಡಿಯಲ್ಲಿ ಅಂಥದ್ದೇ ಇನ್ನೊಂದು ತರುತ್ತಿದ್ದೆವು. ಮೊದಲನೇದನ್ನು ಯಾರು ಯಾವ ಬ್ಯಾನಿಗೆ ತಂದಿದ್ದರೋ, ಶಿವನೇ ಬಲ್ಲ.

ಆ ವರ್ಷ ಮಳೆ ಹೋಗಲಿಲ್ಲ. ದಸರೆ ಆಯಿತು, ಸೀಗೀ ಹುಣ್ಣಿವೆ ಆಯಿತು, ಮೋಡ ಮಾತ್ರ ಬೀಗರ ಮನೆಗೆ ಬಂದಂಗೆ ಕೂತೇ ಇತ್ತು. ಮುರಿದ ತೆನೆಯನ್ನು ತಾಡಪತ್ರಿಯ ಕೆಳಗೆ ಒಟ್ಟಿದ್ದರು. ತೆರೆದರೆ ಒಳಗಿಂದ ಅನ್ನದ ಬೋಗುಣಿಯಂತೆ ಉಗಿ ಏಳುತ್ತಿತ್ತು. ತೆನೆಯ ತುದಿಗೆ ಕರೀ ಹಸಿರು ಬೂಸರು. ಒಂದು ಬಿಸಿಲು ಬಿದ್ದರೆ ಊರೆಲ್ಲ ನಮ್ಮ ಮಷೀನಿನ ಹಿಂದೆ ಓಡುತ್ತಿತ್ತು. ಇದೇ ಚಿಕ್ಕೇರೂರಿನಲ್ಲಿ, ಇದೇ ಬಯಲಿನಲ್ಲಿ, ಅಂಥದ್ದೊಂದು ಬಿಸಿಲಿನ ಮಧ್ಯಾಹ್ನ ತೆನೆಯ ಒಣ ಸಿಪ್ಪೆಯ ಒಂದು ಚೂರು ರವದಿ ಹಾರಿ ನನ್ನ ಎಡಗಣ್ಣಿಗೆ ಬಡಿಯಿತು. ಟವೆಲ್ಲಿನಿಂದ ಮೂಗು ಬಾಯಿ ಕಟ್ಟಿಕೊಂಡಿದ್ದೆ, ಕಣ್ಣು ಬಿಟ್ಟಿತ್ತು. ಒಂದೇ ಕೈಯಲ್ಲಿ ತೆನೆ ದೂಡುತ್ತ, ಇನ್ನೊಂದರಲ್ಲಿ ತಂಪಿನ ಬಾಟ್ಲಿ ಹಿಂಡಿಕೊಂಡೆ. ಹಾಯೆನಿಸಿತು. ಮರುದಿನವೂ ಬಿಟ್ಟೆ, ಅದರ ಮರುದಿನವೂ. ಔಷಧ ಬಿಟ್ಟಾಗ ತಣ್ಣಗೆ, ಬಿಡದಿದ್ದಾಗ ಒಲೆ.

ಒಂದು ಮುಂಜಾನೆ ಬಿಸಿಲು ಸೂಜಿಯಂತೆ ಚುಚ್ಚತೊಡಗಿತು. ದಾವಲಸಾಬ ನನ್ನ ಗದ್ದ ಹಿಡಿದು ಮುಖ ಎತ್ತಿದ.

"ಫಕೀರಣ್ಣ, ಕಣ್ಣಿನ ಕರೀ ಗುಡ್ಡಿ ಮ್ಯಾಲ ಬಿಳೀ ಚಂದ್ರ ಹುಟ್ಯಾನಲ್ಲೋ."

"ಅಮಾಸಿಗೆ ಹೊಕ್ಕಾನ ತಗೋ. ಬುಟ್ಟಿ ಹಾಕು."

ಅವನು ಬುಟ್ಟಿ ಹಾಕಲಿಲ್ಲ. ಸೀದಾ ಹೋಗಿ ಟ್ರ್ಯಾಕ್ಟರ್ ಬಂದ್ ಮಾಡಿದ. ಅರ್ಧ ರಾಶಿ ಹಂಗೇ ಇತ್ತು. ನಮ್ಮ ಮಷೀನು ರಾಶಿಯ ನಡುವೆ ನಿಂತದ್ದು ಅದೇ ಮೊದಲು. ಆ ಸದ್ದು ನಿಂತಾಗ ಆದ ಬಿಕೋ ಅನ್ನುವಿಕೆ ಈಗಲೂ ಕಿವಿಯಲ್ಲಿದೆ. ಹೊಲದ ಯಜಮಾನ ಓಡಿಬಂದು, "ಏನ್ ಮಾಡಾಕತ್ತೀಯೋ ಸಾಬ? ಮೋಡ ನೋಡಿಲ್ಲಿ!" ಅಂತ ಕೂಗಾಡಿದ. ನಾನೂ ಅವನ ಕಡೆಗೇ ಸೇರಿ ಬೈದೆ.

"ಇಬ್ಬರೂ ಕೇಳ್ರಿ," ಅಂದ ದಾವಲಸಾಬ. "ರಾಶಿ ನಾಳೆ ಮಾಡಾಕ ಬರ್ತೈತಿ. ಇಂವನ ಕಣ್ಣು ನಾಳೆ ಮಾಡಾಕ ಬರಂಗಿಲ್ಲ."

ನನ್ನನ್ನು ದೂಡಿಕೊಂಡೇ ಹೋಗಿ ಹಾವೇರಿ ಬಸ್ಸಿಗೆ ಹತ್ತಿಸಿದ. ಅಲ್ಲಿಂದ ಹುಬ್ಬಳ್ಳಿ. ಶಿಗ್ಗಾಂವಿ ದಾಟುವಾಗ ರಸ್ತೆಯ ಆಚೀಚೆ ಬೇರೆಯವರ ಮಷೀನುಗಳು ಧೂಳೆಬ್ಬಿಸುತ್ತಿದ್ದವು. ನಾನು ಟವೆಲ್ಲು ಮುಖಕ್ಕೆ ಹೊದ್ದುಕೊಂಡು ಕೂತೆ. ನೋವಿಗಲ್ಲ, ಯಾರಾದರೂ ಗುರುತು ಹಿಡಿದಾರೆಂದು.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಹೆಣ್ಣುಮಗಳು. ಧಾರವಾಡದ ಮಾತು, ಬಿಗಿ ಮುಖ, ಕೈ ಮಾತ್ರ ಬೆಣ್ಣೆ. ಕಣ್ಣಿನ ಮೇಲಿಂದ ಚೂರು ಕೆರೆದು ತೆಗೆದು ಗಾಜಿನ ಮೇಲೆ ಸವರಿ, ಆಮೇಲೆ ಬಲಗಣ್ಣಿನಿಂದ ನನಗೂ ದುರ್ಬೀನಿನಲ್ಲಿ ತೋರಿಸಿದರು. ಒಳಗೆ ಹಿಂಜಿದ ಹತ್ತಿಯಂತೆ ಎಳೆ ಎಳೆ.

"ಬೂಸರು," ಅಂದರು.

"ತೆನಿಗೆ ಹತ್ತೈತಲ್ಲ, ಅದ ಏನ್ರಿ?"

"ಅದರ ಬಳಗನ. ಕಣ್ಣಿಗೆ ಏನ್ ಬಿಟಗೊಂಡ್ರಿ?"

ನಾನು ಕಿಸೆಯಿಂದ ತಂಪಿನ ಬಾಟ್ಲಿ ತೆಗೆದು, ದೊಡ್ಡ ಜಾಣನಂತೆ ಮೇಜಿನ ಮೇಲಿಟ್ಟೆ. ಅವರು ಅದರ ಚೀಟಿ ಓದಿ, ಬಾಟ್ಲಿಯನ್ನು ನನ್ನ ಕೈಗೆ ಸಿಗದಷ್ಟು ದೂರ ಸರಿಸಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

"ಇದು ಉರಿ ಮುಚ್ಚಿಡ್ತೈತ್ರಿ ಫಕೀರಪ್ಪ, ಬ್ಯಾನಿ ಕಳಿಯಂಗಿಲ್ಲ. ಬ್ಯಾರೆ ಬ್ಯಾನಿಗೆ ನಾವ ಕೊಡ್ತೀವಿ, ಖರೆ. ಆದರ ಬೂಸರಿಗೆ ಇದು ಗೊಬ್ಬರ ಹಾಕಿ ನೀರು ಬಿಟ್ಟಂಗ."

ನನ್ನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ನೀಲವ್ವ ಗಂಟು ಕಟ್ಟಿಕೊಂಡು ಬಂದಳು. ಎಮ್ಮೆಯನ್ನು ಪಕ್ಕದ ಮನೆಗೆ ಒಪ್ಪಿಸಿ ಬಂದಿದ್ದಳು. ಹಾಲಿನಂಥ ಬಿಳಿ ಔಷಧ, ಗಂಟೆಗೊಮ್ಮೆ ಬಿಡಬೇಕು. ಗಡಿಯಾರದ ಮುಳ್ಳಿಗೆ ಅವಳು ತನ್ನನ್ನೇ ಕಟ್ಟಿಕೊಂಡಳು. ನನ್ನ ಕಣ್ಣಿನ ರೆಪ್ಪೆ ಬಿಡಿಸುವುದನ್ನು ಅವಳಷ್ಟು ಹಗುರಾಗಿ ಅಲ್ಲಿನ ನರ್ಸುಗಳೂ ಮಾಡುತ್ತಿರಲಿಲ್ಲ. ವಾರಗಳು ಹೋದವು. ಔಷಧ ಬದಲಾಯಿತು, ಇನ್ನೊಂದು ಸೇರಿತು. ಚಂದ್ರ ಅಮಾಸಿಗೆ ಹೋಗಲಿಲ್ಲ, ಹುಣ್ಣಿಮೆಯ ಕಡೆಗೇ ಹೊರಟಿದ್ದ. ಎಡಗಣ್ಣಿಗೆ ಕಿಟಕಿ ಯಾವ ಕಡೆ ಇದೆ ಅನ್ನುವುದಷ್ಟೇ ತಿಳಿಯುತ್ತಿತ್ತು.

ಒಂದು ದಿನ ಡಾಕ್ಟರು ಕುರ್ಚಿ ಎಳೆದುಕೊಂಡು ನಮ್ಮಿಬ್ಬರ ಎದುರಿಗೆ ಕೂತರು. ಡಾಕ್ಟರು ಕೂತು ಮಾತಾಡಿದರೆ ಸುದ್ದಿ ಚಲೋ ಇರುವುದಿಲ್ಲ ಅಂತ ಅಷ್ಟರಲ್ಲಿ ಕಲಿತಿದ್ದೆ.

"ಕಣ್ಣಿನ ಮುಂದ ಗಡಿಯಾರದ ಗಾಜಿನಂಗ ಒಂದು ಪದರ ಇರ್ತೈತಿ. ಬೂಸರು ಅದನ್ನ ತಿನ್ಕೋಂತ ಒಳಗ ಹೊಂಟೈತಿ. ತೂತು ಬಿದ್ದರ ಕಣ್ಣು ಉಳಸೋದ ಕಷ್ಟ. ಗಾಜು ಬದಲಿ ಮಾಡಬಹುದು, ಸತ್ತವರು ದಾನ ಕೊಟ್ಟದ್ದು ಹಾಕಿ. ಆದರ ಒಳಗ ಬೂಸರು ಜೀವಂತ ಇದ್ದಾಗ ಹಾಕಿದರ ಹೊಸಾದಕ್ಕೂ ಹತ್ತೀತು. ಅದಕ್ಕ ಮೊದಲ ಬೆಳಕಿನ ಔಷಧ ಮಾಡಿ ನೋಡೋಣು."

ಬೆಳಕಿನ ಔಷಧ ಅಂದರೆ ಏನೆಂದು ನೀಲವ್ವ ಕೇಳಿದಳು. ಗುಲಾಬಿ ಬಣ್ಣದ ಹನಿಗಳನ್ನು ಕಣ್ಣಿಗೆ ಬಿಡುತ್ತಾರಂತೆ. ಬಣ್ಣ ಹುಣ್ಣಿನೊಳಗೆ ಇಂಗಿ ಬೂಸರಿಗೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಹಸಿರು ಬೆಳಕು ಹಿಡಿದರೆ ಬಣ್ಣಕ್ಕೆ ಜೀವ ಬಂದು ಬೂಸರನ್ನು ಅಲ್ಲೇ ಕೊಲ್ಲುತ್ತದೆ.

"ಬಣ್ಣ ಒಂದ ಇದ್ದರ ಏನೂ ಆಗಂಗಿಲ್ಲ, ಬೆಳಕು ಒಂದ ಇದ್ದರೂ ಏನೂ ಆಗಂಗಿಲ್ಲ. ಎರಡೂ ಕೂಡಬೇಕು," ಅಂದರು ಡಾಕ್ಟರು. "ಹೊಸಾ ಪದ್ಧತಿ ಐತ್ರಿ. ಎಲ್ಲಾರಿಗೂ ಹತ್ತತೈತಿ ಅಂತ ನಾ ಮಾತು ಕೊಡಂಗಿಲ್ಲ."

"ಮತ್ತ ಕಣ್ಣು ಕಾಣತೈತೇನ್ರಿ?" ನನ್ನ ದನಿ ನನಗೇ ಪರಕೀಯವಾಗಿ ಕೇಳಿತು.

"ಇದು ಕಾಣಸೋ ಔಷಧ ಅಲ್ಲ, ಉಳಸೋ ಔಷಧ. ಗಾಜಿನ ಮ್ಯಾಲ ಬಿಳೀ ಕಲಿ ಉಳೀತೈತಿ. ಮೊದಲು ಕಣ್ಣು ಉಳೀಲಿ."

ಅವತ್ತು ಸಂಜೆ ದಾವಲಸಾಬ ಸವಣೂರಿನ ವೀಳ್ಯದೆಲೆಯ ಕಟ್ಟು ಹಿಡಿದು ಬಂದ. ಸುದ್ದಿ ಕೇಳಿ ತಲೆ ತುರಿಸಿಕೊಂಡ. "ಇದೊಳ್ಳೆ ತಮಾಷೆ. ಬೆಳಕು ಕಣ್ಣು ಕೆಡಸಬಾರದಂತ ನಾ ಕರೇ ಗಾಜು ಹಿಡಕೊಂಡು ವೆಲ್ಡಿಂಗ್ ಮಾಡ್ತೇನಿ. ಇವರು ಕಣ್ಣಿಗೇ ಬೆಳಕು ಹಿಡೀತಾರಂತ!"

"ಯಣ್ಣಾ, ನಿಮ್ಮ ಬೆಳಕು ಕಬ್ಬಿಣ ಕೂಡಸ್ತೈತಿ, ಇವರದು ಬೂಸರು ಕೊಲ್ಲತೈತಿ," ಅಂದಳು ನೀಲವ್ವ. "ಬೆಳಕು ಬೆಳಕಿಗೆ ಫರಕು ಇರಂಗಿಲ್ಲೇನು?"

"ತಂಗೀ, ನೀನೂ ಡಾಕ್ಟರ್ ಆದಿ ಬಿಡು."

ನನಗೆ ಕೇಳಬೇಕಾಗಿದ್ದು ಬೇರೆ. "ಮಷೀನು ನಿಂತೈತೇನು?" ಅಂದೆ.

"ಇಲ್ಲಪಾ, ಓಡಾಕತ್ತೈತಿ."

"ಬಾಯಿಗೆ ಯಾರು ನಿಲ್ಲತಾರ?"

"ನಾನ ನಿಲ್ಲತೇನಿ. ಹೆಂಗೋ ಓಡಾಕತ್ತೈತಿ. ಏನ್ ಮಾಡ್ಲಿ, ನೀ ಇಲ್ಲಂತ ಮಷೀನು ಅಳಾಕ ತಯಾರಿಲ್ಲ."

ನಕ್ಕೆ. ಆದರೆ ಕಣ್ಣಿನ ನೋವಿಗಿಂತ ಅದು ಹೆಚ್ಚು ಚುಚ್ಚಿತು. ಒಂದೇ ಕಣ್ಣಿನವ ಮಷೀನಿನ ಬಾಯಿಗೆ ನಿಲ್ಲುವಂತಿಲ್ಲ. ಕೈ ಎಲ್ಲಿ, ಹಲ್ಲು ಎಲ್ಲಿ ಅನ್ನುವ ಅಂದಾಜು ತಪ್ಪುತ್ತದೆ. ಅದು ಅವನಿಗೂ ಗೊತ್ತಿತ್ತು. ಇಬ್ಬರೂ ಎಲೆ ಮಡಚಿ ಬಾಯಿಗಿಟ್ಟುಕೊಂಡು ಆ ಮಾತನ್ನು ನುಂಗಿದೆವು.

ಬೆಳಕಿನ ಔಷಧದ ಕೋಣೆ ಸಣ್ಣದು, ಕತ್ತಲು, ತಣ್ಣಗೆ. ಮರಗಟ್ಟಿಸುವ ಹನಿ ಬಿಟ್ಟು, ರೆಪ್ಪೆ ಮುಚ್ಚದಂತೆ ಕ್ಲಿಪ್ಪು ಸಿಕ್ಕಿಸಿದರು. ಆಮೇಲೆ ಗುಲಾಬಿ ಹನಿ. ಬಿಟ್ಟರು, ತಡೆದರು, ಮತ್ತೆ ಬಿಟ್ಟರು. ಬಣ್ಣ ಒಳಗಿಳಿಯಲು ಹೊತ್ತು ಬೇಕಂತೆ. ಕಪಾಳದ ಮೇಲಿಂದ ಕಿವಿಯ ಹಳ್ಳಕ್ಕೆ ಹರಿದದ್ದನ್ನು ಹತ್ತಿಯಿಂದ ಒರೆಸುತ್ತಿದ್ದರು. ಮೇಲೆ ದೀಪ ಹತ್ತಿತು.

"ದೀಪಾನ ನೋಡ್ರಿ. ಅಲ್ಲಾಡಬ್ಯಾಡ್ರಿ."

ಹಸಿರು ಅಂದರೆ ಎಂಥ ಹಸಿರು! ಹಾನಗಲ್ಲಿನ ಕಡೆ ಮುಂಗಾರು ಹಿಡಿದ ಮೇಲೆ ಭತ್ತದ ಸಸಿಮಡಿಯ ಪಕ್ಕ ಬಗ್ಗಿ ನೋಡಿದವರಿಗೆ ಗೊತ್ತು. ಗಾಳಿ ಬಂದು ಸಸಿ ಬಾಗಿದಾಗ ಒಂದು ಕ್ಷಣ ಹಸಿರು ಹೊಳೆಯುತ್ತದಲ್ಲ, ಆ ಕ್ಷಣವನ್ನು ಹಿಡಿದು ನಿಲ್ಲಿಸಿದಂತೆ. ಏನೂ ಕಾಣದಿದ್ದ ಕಣ್ಣಿಗೆ ಬೇರೇನೂ ಇಲ್ಲದೆ ಅದೊಂದೇ ಕಂಡಿತು. ಕೂತಲ್ಲಿ ಕೂರದ ಮನುಷ್ಯ ನಾನು. ಆದರೆ ಮಷೀನಿನ ಬಾಯಿಯ ಮೇಲೆ ನೋಟ ನೆಟ್ಟು ದಿನಗಟ್ಟಲೆ ನಿಂತ ಅಭ್ಯಾಸ ಅಲ್ಲಿ ಕೈ ಹಿಡಿಯಿತು. ಇದೂ ಒಂದು ರಾಶಿ ಅಂದುಕೊಂಡೆ. ನಡುವೆ ನಿಲ್ಲಬಾರದು.

ದೀಪ ಆರಿತು. "ಸಾಕು, ಮುಗೀತು," ಅಂದರು ಡಾಕ್ಟರು.

ಮಲಗಿದ್ದವನು ಬೆಚ್ಚಿದೆ. "ಹಂಗ ಅನಬ್ಯಾಡ್ರಿ!"

"ಯಾಕ್ರಿ? ಮತ್ತೇನನ್ಲಿ?"

"ಹುಲುಸಾತು ಅನ್ರಿ. ರಾಶಿ ಮುಂದ ಹಂಗ ಅನ್ನೂದು."

ಅವರ ಬಿಗಿ ಮುಖ ಸಡಿಲಾದದ್ದು ದನಿಯಲ್ಲೇ ಗೊತ್ತಾಯಿತು. "ಬೂಸರು ಹುಲುಸಾಗೂದು ಬ್ಯಾಡ್ರಿ ಮಾರಾಯರ! ಅದೊಂದಕ್ಕ ಸಾಕು ಅಂತನ ಅನ್ನೋಣು."

ಮರಗಟ್ಟಿದ್ದು ಇಳಿದಮೇಲೆ ನೋವು ಬಂತು, ಮೆಣಸಿನಕಾಯಿ ಅರೆದು ತುಂಬಿದಂತೆ. ಗುಲಾಬಿ ಕಣ್ಣೀರು ಟವೆಲ್ಲಿನ ಮೇಲೆ ಇಳಿಯಿತು. "ಹೋಳಿ ಇನ್ನೂ ದೂರ ಐತಿ, ಇವರಿಗೆ ಅವಸರ," ಅಂತ ನೀಲವ್ವ ಹಾಸ್ಯ ಮಾಡಿದಳು. ಮಾಡುತ್ತಲೇ ನನ್ನ ಪಾದ ಹಿಡಿದುಕೊಂಡಿದ್ದಳು. ಆ ಟವೆಲ್ಲು ಇನ್ನೂ ಇದೆ, ಕಲೆ ಹೋಗಿಲ್ಲ.

ಕೆಲವು ದಿನ ಬಿಟ್ಟು ಇನ್ನೊಮ್ಮೆ ಮಾಡಿದರು. ಬಿಳಿ ಹನಿ ನಡೆದೇ ಇತ್ತು. ದೀಪಾವಳಿಯ ಹಟ್ಟಿ ಹಬ್ಬ ಇದರ ನಡುವೆಯೇ ಆಸ್ಪತ್ರೆಯಲ್ಲಿ ಕಳೆದುಹೋಗಿತ್ತು. ಎರಡನೇ ಸಲದ ಬೆಳಕಾದ ಮೇಲೆ ಒಂದು ಮುಂಜಾನೆ ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಮತ್ತೆ ನೋಡಿದರು.

"ಅಂಚು ಒಣಗೈತಿ," ಅಂದರು. "ನಿಂತೈತ್ರಿ ಫಕೀರಪ್ಪ."

ಮಷೀನು ನಿಂತರೆ ಸಿಟ್ಟಾಗುತ್ತಿದ್ದವನಿಗೆ 'ನಿಂತೈತಿ' ಅನ್ನುವ ಮಾತು ಇಷ್ಟು ಸಿಹಿ ಇರುತ್ತದೆಂದು ಅವತ್ತು ತಿಳಿಯಿತು.

ಮನೆಗೆ ಬಂದೆ. ಹೊರಗೆ ಸುಗ್ಗಿ, ಒಳಗೆ ನಾನು. ಕರೀ ಕನ್ನಡಕ, ಧೂಳಿಗೆ ಹೋಗುವಂತಿಲ್ಲ, ಹೊಲದ ಕಡೆ ಹಾಯುವಂತಿಲ್ಲ. ಮೊದಮೊದಲು ಹಗ್ಗ ಕಟ್ಟಿದ ಹೋರಿಯಂತೆ ಒದ್ದಾಡಿದೆ. ಆಮೇಲೆ ಒಂದೊಂದೇ ಕಾಣತೊಡಗಿತು. ಮಾಗಿಯ ಬಿಸಿಲು ಮುಂಜಾನೆ ನಮ್ಮ ಹೊಸ್ತಿಲು ದಾಟಿ ಒಲೆಯ ತನಕ ಬಂದು, ರೊಟ್ಟಿ ಮುಗಿಯುವ ಹೊತ್ತಿಗೆ ಹಿಂದೆ ಸರಿಯುತ್ತದೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ನೀಲವ್ವ ದಿನವಿಡೀ ಎಮ್ಮೆಯ ಜೋಡಿ ಮಾತಾಡುತ್ತಾಳೆ ಅನ್ನುವುದೂ ಗೊತ್ತಿರಲಿಲ್ಲ. "ಇವತ್ತ ಇವರಿಗೆ ಪಲ್ಯ ಸೇರಲಿಲ್ಲವ್ವಾ, ಮುಖ ನೋಡಬೇಕಿತ್ತು," ಅಂತ ಅದಕ್ಕೆ ವರದಿ. ಇಷ್ಟು ವರ್ಷ ನಾನು ಊರೂರು ತಿರುಗುವಾಗ ನನ್ನ ಗುಣ ಅವಗುಣವೆಲ್ಲ ಆ ಎಮ್ಮೆಗೆ ತಿಳಿದುಹೋಗಿತ್ತು. ಅದು ನನ್ನನ್ನು ನೋಡುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

ದಿನಾ ಮುಂಜಾನೆ ಹನಿ ಬಿಟ್ಟಮೇಲೆ ನೀಲವ್ವ ಬಾಗಿಲಲ್ಲಿ ನಿಂತು ಕೈ ಎತ್ತುತ್ತಿದ್ದಳು. "ಬಲಗಣ್ಣು ಮುಚ್ರಿ. ಎಷ್ಟು ಬೆರಳು?"

"ಮೂರು."

"ಸುಳ್ಳ ಹೇಳಬ್ಯಾಡ್ರಿ. ನಾ ಕೈ ಎತ್ತೇ ಇಲ್ಲ."

ನಾನು ಅಂದಾಜು ಹೊಡೆಯುತ್ತೇನೆಂದು ಬೆರಳು ಬಿಟ್ಟು ಸಾಮಾನು ಹಿಡಿಯತೊಡಗಿದಳು. ಒಂದು ದಿನ ಮೊರ, ಒಂದು ದಿನ ಚೊಂಬು, ಒಂದು ದಿನ ತನ್ನ ತಲೆಯ ಹೂವು. ನನಗೆ ಬಾಗಿಲಿನ ಬೆಳಕು, ಅದರ ನಡುವೆ ಅಲುಗುವ ಕಪ್ಪು, ಅಷ್ಟೇ. ಎಳ್ಳಮಾವಾಸ್ಯೆಯ ಹಿಂದುಮುಂದೆ ಆ ಕಪ್ಪಿಗೆ ಸೀರೆಯ ಕೆಂಪು ಬಂತು. ಆಮೇಲೆ ತೋಳು ಬಂತು. ಸಂಕ್ರಾಂತಿಗೆ ಎಳ್ಳು ಹುರಿಯುವ ವಾಸನೆ ಬರುತ್ತಿದ್ದ ಒಂದು ಮುಂಜಾನೆ, ತೋಳಿನ ತುದಿಗೆ ಉದ್ದನ್ನದೊಂದು, ಅದರ ತುದಿಗೆ ದುಂಡನ್ನದೊಂದು ಕಂಡಿತು.

"ಸೌಟು," ಅಂದೆ.

ಅವಳು ಸೌಟು ಹಿಡಿದುಕೊಂಡೇ ಕೊಟ್ಟಿಗೆಗೆ ಹೋದಳು. "ಇವರಿಗೆ ಸೌಟು ಕಾಣತವ್ವಾ," ಅಂತ ಎಮ್ಮೆಗೆ ಹೇಳುವುದು ಕೇಳಿತು.

ಆ ಕಣ್ಣು ಅಲ್ಲಿಗೇ ನಿಂತಿದೆ. ನೋಟದ ಮೇಲೆ ಎಣ್ಣೆ ಕಾಗದ ಅಂಟಿಸಿದಂತೆ. ಬೇಕಾದರೆ ಈಗ ಗಾಜು ಬದಲಿಸಬಹುದು ಅಂತ ಡಾಕ್ಟರು ಹೇಳಿದ್ದಾರೆ. ನೋಡೋಣ ಅಂದೆ, ಇನ್ನೂ ನೋಡುತ್ತಲೇ ಇದ್ದೇನೆ. ಮಷೀನಿನ ಬಾಯಿ ದಾವಲಸಾಬನಿಗೆ ಬಿಟ್ಟುಕೊಟ್ಟು, ಹಾನಗಲ್ಲಿನಲ್ಲಿ ರಿಪೇರಿ ಅಂಗಡಿ ಹಾಕಿದೆ. ದುಡಿದೇ ತಿನ್ನುತ್ತೇನೆ, ಯಾರ ಮುಂದೆಯೂ ಕೈ ಒಡ್ಡಿಲ್ಲ. ದಾವಲಸಾಬನ ಪೆಟ್ಟಿಗೆಯಲ್ಲಿ ಈಗ ಆ ಬಾಟ್ಲಿ ಇಲ್ಲ. ಕನ್ನಡಕ ಹಾಕದವರ ಕೈಗೆ ಅವನು ಬುಟ್ಟಿ ಕೊಡುವುದಿಲ್ಲ. ಅದೆಲ್ಲ ಸರಿ. ಆದರೆ ಖರೆ ಹೇಳಬೇಕೆಂದರೆ, ನಾನು ಮಾಡಿದ ಸುಗ್ಗಿಗಳೆಲ್ಲ ನೆನಪಿನಲ್ಲಿ ಒಂದಕ್ಕೊಂದು ಕಲೆತುಹೋಗಿವೆ. ಮಾಡದೆ ಕೂತ ಆ ಒಂದು ಸುಗ್ಗಿ ಮಾತ್ರ ಬಿಡಿಬಿಡಿಯಾಗಿ ಉಳಿದಿದೆ.

ಚಿಕ್ಕೇರೂರಿನಲ್ಲಿ ಕುಬಸಕ್ಕೆ ಹೊತ್ತಾಗಿದ್ದು ನಿಜ. ಆದರೂ ಇಬ್ಬರೂ ವಾಸನೆಯ ಬೆನ್ನು ಹತ್ತಿ ಕಣದ ತನಕ ನಡೆದೆವು. ಮಷೀನಿನವರು ಊಟಕ್ಕೆ ಕೂತಿದ್ದರು, ಸದ್ದಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟೆವು. ನೀಲವ್ವ ರಾಶಿಯ ಆಚೆ ಕಡೆ ಹೋಗಿ, ಬಗ್ಗಿ ಏನೋ ಎತ್ತಿಕೊಂಡು ನಿಂತಳು.

"ಬಲಗಣ್ಣು ಮುಚ್ರಿ. ಕೈಯಾಗ ಏನೈತಿ?"

ಮುಚ್ಚಿದೆ. ಎಣ್ಣೆ ಕಾಗದದ ಆಚೆ ಅವಳ ಆಕಾರ, ಎತ್ತಿದ ತೋಳು. "ತೆನಿ."

"ಕಣದಾಗ ನಿಂತು ತೆನಿ ಅನ್ನಾಕ ಕಣ್ಣ ಯಾಕ ಬೇಕು? ಕಾಳು ಅದಾವೋ, ಬರೇ ಬೆಂಡೋ? ಅದನ್ನ ಹೇಳ್ರಿ."

ಕಾಳು ಉದುರಿದ ಬೆಂಡು ಬಿಳಿಚಿಕೊಂಡಿರುತ್ತದೆ. ನಾನು ದೀಪ ನೋಡಿದಂತೆ ಅಲ್ಲಾಡದೆ ನೋಡಿದೆ. ಆ ಹಾಲುನೀರಿನಂಥ ಮಬ್ಬಿನಲ್ಲಿ, ಅವಳ ಕೈಯ ಮೇಲೆ, ನಿಧಾನಕ್ಕೆ ಒಂದು ಹಳದಿ ಎದ್ದು ಬಂತು.

"ಅದಾವು," ಅಂದೆ. "ಹಳದಿ ಕಾಣತೈತಿ."

ಅವಳು ತೆನೆಯನ್ನು ರಾಶಿಗೆ ಹಾಕಿ ಕೈ ಜಾಡಿಸಿಕೊಂಡಳು. ಸಾಕು ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕಾಲ ಕೆಳಗೆ ಕಣ ಇತ್ತು.

"ಇನ್ನೊಂದು ಎತ್ತಿ ಹಿಡಿ," ಅಂದೆ.